ಬಾಲದ ತುದಿ ಬಿಳಿ ಇತ್ತೇ?

ಹಿಂದಿನ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರಿಸುತ್ತಾ ಆಸ್ಟ್ರೇಲಿಯಾದ ನೀರಿಲಿ ರಕಾಲಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ದಾವಣಗೆರೆಯಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು ನಾನು. ಈಗ ಮೆಲ್ಬರ್ನಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಹತ್ತಿರದಲ್ಲೇ ತೊರೆ ಇದೆ, ಹಾಗಾಗಿ ಆ ಪ್ರಾಣಿ ನನ್ನ ಬರವಣಿಗೆಗೂ ನುಸುಳಿತು. ಆ ನಾಲ್ಕು ಸಾಲಿಗೆ ಬಂದಷ್ಟು ಪತ್ರ ನಾಗರಹಾವಿನ ಬಗ್ಗೆ ಬರೆದಾಗಲೂ ಬಂದಿರಲಿಲ್ಲ. 'ಇಲಿಗೆಲ್ಲ ಪತ್ರಿಕೆಯಲ್ಲಿ ಜಾಗ ಯಾಕೆ ಮೇಡಂ?' ಎಂದು ಬೈದವರೂ ಇದ್ದಾರೆ. ಅವರಿಗೊಂದು ನಮಸ್ಕಾರ. ಈ ಸಲ ಅಂಕಣ ಪೂರ್ತಿ ಇಲಿಗೇ.

ಪ್ರಶ್ನೆ: ಸಂಜೆ ವಾಕಿಂಗ್ ಹೋದಾಗ ಮೆರ್ರಿ ಕ್ರೀಕ್‌ನಲ್ಲಿ ಕಂದು ಬಣ್ಣದ ಪ್ರಾಣಿಯೊಂದು ಈಜುತ್ತಿತ್ತು. ಪಕ್ಕದ ಮನೆಯವರು 'ಪ್ಲಾಟಿಪಸ್, ನಿಮ್ಮ ಅದೃಷ್ಟ' ಅಂದರು. ನನ್ನ ಹೆಂಡತಿ 'ಹೆಗ್ಗಣ, ನಡೀರಿ ಮನೆಗೆ' ಅಂದಳು. ಯಾರು ಸರಿ? — ಒಬ್ಬ ಓದುಗ, ಮೆಲ್ಬರ್ನ್

ಉತ್ತರ: ಇಷ್ಟುದ್ದ ಪತ್ರ ಬರೆದಿದ್ದೀರಿ, ಬಾಲದ ವಿಷಯವೇ ಇಲ್ಲ! ಮುಂದಿನ ಸಲ ಮೊದಲು ಬಾಲ ನೋಡಿ. ಪ್ಲಾಟಿಪಸ್ ಅಂದರೆ ಬಾತುಕೋಳಿಯಂಥ ಕೊಕ್ಕಿರುವ, ಮೊಟ್ಟೆಯಿಡುವ ಸಸ್ತನಿ. ಅದರ ಬಾಲ ಅಗಲ, ಚಪ್ಪಟೆ. ರಕಾಲಿಯ ಬಾಲ ಉದ್ದ, ದಪ್ಪ, ಮೇಲೆ ಕೂದಲಿರುತ್ತದೆ. ತುದಿ ಮಾತ್ರ ಸುಣ್ಣದಲ್ಲಿ ಅದ್ದಿ ತೆಗೆದ ಹಾಗೆ ಬಿಳಿ. ಮನೆಯ ಕಪ್ಪಿಲಿಗಾಗಲಿ, ಚರಂಡಿಯ ಕಂದು ಇಲಿಗಾಗಲಿ ಈ ಬಿಳಿ ತುದಿ ಇರುವುದಿಲ್ಲ. ಬೆಳಕು ಕಮ್ಮಿ ಇದ್ದರೂ ಅದು ಕಾಣುತ್ತದೆ.

ಬಾಲ ನೀರೊಳಗಿದ್ದರೆ ತಲೆ ನೋಡಿ. ರಕಾಲಿಗೆ ಸಣ್ಣದಾದರೂ ಕಿವಿ ಕಾಣುತ್ತದೆ, ಮೂತಿಯ ಮೇಲೆ ಗಡುಸಾದ ಮೀಸೆ ಇರುತ್ತದೆ. ಪ್ಲಾಟಿಪಸ್ಸಿಗೆ ಹೊರಗಿವಿಯೇ ಇಲ್ಲ, ಮುಂದೆ ಕೊಕ್ಕು. ಅದು ಮುಳುಗುವಾಗ ಬೆನ್ನು ಬಾಗಿಸಿ ಪುಳಕ್ಕನೆ ಹೋಗುತ್ತದೆ. ರಕಾಲಿ ಸದ್ದಿಲ್ಲದೆ ಜಾರುತ್ತದೆ.

ಎರಡೂ ತಪ್ಪಿಹೋದರೆ ದಡಕ್ಕೆ ಇಳಿಯಿರಿ. ನನಗೆ ಅತಿ ಇಷ್ಟವಾದ ಗುರುತು ಇದು. ರಕಾಲಿ ನೀರಲ್ಲಿ ಬೇಟೆಯಾಡಿದರೂ ನೀರಲ್ಲಿ ಉಣ್ಣುವುದಿಲ್ಲ. ಹಿಡಿದದ್ದನ್ನು ಬಾಯಲ್ಲಿ ಕಚ್ಚಿಕೊಂಡು ದಡಕ್ಕೆ ಬರುತ್ತದೆ. ಚಪ್ಪಟೆ ಬಂಡೆಯೋ, ನೀರಿಗೆ ಒರಗಿದ ಮರದ ದಿಮ್ಮಿಯೋ, ಅದರದ್ದೇ ಒಂದು ಊಟದ ಜಾಗ ಇರುತ್ತದೆ. ದಿನಾ ಅಲ್ಲೇ ಕೂತು, ಮುಂಗಾಲಲ್ಲಿ ಹಿಡಿದು, ನಿಧಾನವಾಗಿ ತಿನ್ನುತ್ತದೆ. ಹಾಗಾಗಿ ಅಲ್ಲಿ ಎಂಜಲು ರಾಶಿ ಬೀಳುತ್ತದೆ. ಸಿಹಿನೀರಿನ ಚಿಪ್ಪು, ಇಲ್ಲಿನವರು ಯಾಬಿ ಅನ್ನುವ ಸಿಗಡಿಯಂಥ ಪ್ರಾಣಿಯ ಕೊಂಡಿ, ಮೀನಿನ ತಲೆ. ಪ್ಲಾಟಿಪಸ್ ಹೀಗಲ್ಲ. ಅದು ತಳದಲ್ಲಿ ಸಿಕ್ಕಿದ ಹುಳುಗಳನ್ನು ಕೆನ್ನೆಯ ಚೀಲದಲ್ಲಿ ತುಂಬಿಕೊಂಡು ಮೇಲೆ ಬಂದು ನೀರಲ್ಲೇ ಅರೆದು ನುಂಗುತ್ತದೆ. ದಡದಲ್ಲಿ ಏನೂ ಬಿಡುವುದಿಲ್ಲ. ಚಿಪ್ಪಿನ ರಾಶಿ ಕಂಡರೆ ಪಕ್ಕದ ಮನೆಯವರಿಗೆ ಹೇಳಿಬಿಡಿ, ಅದೃಷ್ಟ ಬೇರೆ ಥರದ್ದು ಎಂದು.

ಇನ್ನು ನಿಮ್ಮ ಹೆಂಡತಿ. ಅವರು ಅರ್ಧ ಸರಿ. ರಕಾಲಿ ನಿಜಕ್ಕೂ ಇಲಿಯೇ, ನಮ್ಮ ಮನೆ ಇಲಿಯ ಕುಟುಂಬದ್ದೇ. ಅದರ ಹಿರಿಯರು ಏಷ್ಯಾ ಕಡೆಯಿಂದ ನ್ಯೂಗಿನಿ ದಾಟಿ ಬಂದವರು. ಇಲಿಗಳು ಆಸ್ಟ್ರೇಲಿಯಾ ತಲುಪಿ ಸುಮಾರು 50 ಲಕ್ಷ ವರ್ಷವಾಗಿದೆ. ಚರಂಡಿ ಇಲಿ ಬಂದದ್ದು ಬಿಳಿಯರ ಹಡಗಿನಲ್ಲಿ, 1788ರಿಂದ ಈಚೆಗೆ. ಲಕ್ಷಾಂತರ ವರ್ಷಗಳಲ್ಲಿ ರಕಾಲಿಯ ಹಿಂಗಾಲು ಅಗಲವಾಯಿತು, ಬೆರಳ ನಡುವೆ ಜಾಲಪೊರೆ ಬಂತು, ತುಪ್ಪಳ ನೀರು ಹಿಡಿಯದಂತಾಯಿತು. ಹಲ್ಲೂ ಬದಲಾಯಿತು. ಸಾಧಾರಣ ಇಲಿಗೆ ಒಟ್ಟು 16 ಹಲ್ಲು. ರಕಾಲಿಗೆ 12 ಅಷ್ಟೆ. ಮೇಲೆ, ಕೆಳಗೆ, ಎರಡೂ ಬದಿಯಲ್ಲಿ ಒಂದೊಂದು ದವಡೆ ಹಲ್ಲು ಕಮ್ಮಿ. ಕಾಳು ಅರೆಯುವ ಕೆಲಸವೇ ಇಲ್ಲದ ಮೇಲೆ ಅಷ್ಟೊಂದು ಹಲ್ಲು ಯಾಕೆ? ದೊಡ್ಡ ಗಂಡು ಒಂದು ಕಿಲೋ ದಾಟುತ್ತದೆ. ಕೆಲವಕ್ಕೆ ಹೊಟ್ಟೆ ಚಿನ್ನದ ಹಳದಿ. 1804ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜೆಫ್ರಾಯ್ ಇದನ್ನು ಮೊದಲು ವಿಜ್ಞಾನಕ್ಕೆ ವರ್ಣಿಸಿದಾಗಲೂ ಆ ಬಣ್ಣವನ್ನೇ ಹಿಡಿದು ಹೆಸರಿಟ್ಟರು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೆಗ್ಗಣ ಎಂದು ತಿಳಿದು ತೊರೆಯ ಪಕ್ಕ ಇಲಿ ಪಾಷಾಣ ಇಡಬೇಡಿ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ರಕಾಲಿ ಕಾನೂನಿನ ರಕ್ಷಣೆ ಇರುವ ಕಾಡುಪ್ರಾಣಿ. ಹಿತ್ತಿಲಲ್ಲಿಟ್ಟ ನಾಯಿಯ ಊಟ ಕದಿಯಲು ಅದು ಮನೆವರೆಗೂ ಬರುವುದುಂಟು. ಅದಕ್ಕೆ ಔಷಧ ಎಂದರೆ ನಾಯಿಯ ತಟ್ಟೆಯನ್ನು ಒಳಗೆ ಎತ್ತಿಡುವುದು.

ಪ್ರಶ್ನೆ: ಮಗನ ಮನೆಗೆಂದು ಮೆಲ್ಬರ್ನಿಗೆ ಬರುತ್ತಿದ್ದೇವೆ. ರಕಾಲಿ ನೋಡಲು ಕಾಡಿಗೆ ಹೋಗಬೇಕಾ? — ಓದುಗ ದಂಪತಿ, ಹುಬ್ಬಳ್ಳಿ

ಉತ್ತರ: ಬೇಡ, ಟ್ರಾಮ್ ಹತ್ತಿದರೆ ಸಾಕು. ಸೇಂಟ್ ಕಿಲ್ಡಾ ಕಡಲ ದಂಡೆಗೆ ಹೋಗಿ. ಅಲ್ಲಿ 1956ರ ಒಲಿಂಪಿಕ್ಸಿನ ಹಾಯಿದೋಣಿ ಸ್ಪರ್ಧೆಗೆಂದು ಬಂಡೆ ಸುರಿದು ಅಲೆತಡೆ ಕಟ್ಟಿದರು. ಸ್ಪರ್ಧೆ ಮುಗಿದ ಮೇಲೆ ಬಂಡೆ ಸಂದುಗಳಿಗೆ ಪುಟ್ಟ ಪೆಂಗ್ವಿನ್‌ಗಳು ಬಂದು ನೆಲೆಸಿದವು. ಅದೇ ಸಂದುಗಳಲ್ಲಿ ರಕಾಲಿಗಳೂ ಇವೆ. ಹೌದು, ಉಪ್ಪು ನೀರಲ್ಲೂ ಇದು ಬದುಕುತ್ತದೆ. ನದಿ, ಕೆರೆ, ಜೌಗು, ಮ್ಯಾಂಗ್ರೋವ್, ಸಮುದ್ರ ದಂಡೆ, ಎಲ್ಲಾದರೂ ಸರಿ. ಸೂರ್ಯ ಮುಳುಗುವ ಹೊತ್ತಿಗೆ ಸುಮ್ನೆ ಒಂದು ಕಡೆ ನಿಂತು ಬಂಡೆ ಮತ್ತು ನೀರು ಸೇರುವ ಗೆರೆಯನ್ನು ನೋಡುತ್ತಿರಿ. ಮೊಬೈಲ್ ಟಾರ್ಚ್, ಫ್ಲ್ಯಾಶ್ ಬೇಡ. ಚಕ್ಕುಲಿ ಹಾಕುವುದಂತೂ ಬೇಡವೇ ಬೇಡ. ಹಿಂದೆ ಪೆಂಗ್ವಿನ್ ನೋಡಲು ಬರುತ್ತಿದ್ದವರೆಲ್ಲ ಇದನ್ನು ನೋಡಿ 'ಅಯ್ಯೋ ಇಲಿ' ಎಂದು ಮುಖ ತಿರುಗಿಸುತ್ತಿದ್ದರು. ಹಾಗಾಗಿ ಇದನ್ನು ನೋಡುವವರಿಗೆ ಮುಂದಿನ ಸಾಲಲ್ಲೇ ಜಾಗ ಸಿಗುತ್ತಿತ್ತು.

ಪ್ರಶ್ನೆ: ಇದರಲ್ಲಿ ಹೊಸದೇನಿದೆ? ನಮ್ಮ ಗದ್ದೆಯ ಹೆಗ್ಗಣವೂ ಚೆನ್ನಾಗಿ ಈಜುತ್ತದೆ. ಕಾಲುವೆ ದಾಟಿ ಬಂದು ಭತ್ತ ಕಡಿದು ಹೋಗುತ್ತದೆ. ಅದನ್ನೂ ನೀರಿಲಿ ಅನ್ನಬಹುದಲ್ವಾ? — ಒಬ್ಬ ರೈತ, ಗಂಗಾವತಿ

ಉತ್ತರ: ಒಳ್ಳೆಯ ಪ್ರಶ್ನೆ, ಸಿಟ್ಟಿನಿಂದ ಕೇಳಿದ್ದರೂ. ನಿಮ್ಮ ಗದ್ದೆಯಲ್ಲಿರುವುದು ಬಹುತೇಕ ಸಣ್ಣ ಹೆಗ್ಗಣ. ಮನೆ, ಗೋದಾಮು, ಹಿತ್ತಿಲ ಕಡೆ ಕಾಣುವ ಕಿಲೋ ತೂಗುವಂಥದ್ದು ದೊಡ್ಡ ಹೆಗ್ಗಣ. ಎರಡೂ ಈಜುತ್ತವೆ, ಎರಡಕ್ಕೂ ತೇವದ ನೆಲ ಇಷ್ಟ. ಆದರೆ ಈಜು ಬರುವುದು ಬೇರೆ, ನೀರಲ್ಲೇ ಅನ್ನ ಹುಡುಕುವುದು ಬೇರೆ. ಗಂಗಾವತಿಯ ಹುಡುಗರೆಲ್ಲ ಕಾಲುವೆಯಲ್ಲಿ ಈಜುತ್ತಾರೆ, ಅವರನ್ನೆಲ್ಲ ಬೆಸ್ತರು ಅನ್ನೋದಿಲ್ಲವಲ್ಲ.

ಹೆಗ್ಗಣದ ಕಾಲಿಗೆ ಜಾಲಪೊರೆ ಇಲ್ಲ. ತುಪ್ಪಳ ಒರಟು, ನೀರಿಗೆ ಬಿದ್ದರೆ ನೆನೆಯುತ್ತದೆ. ಅದರ ಜೀವ ಇರುವುದು ಬದುವಿನಲ್ಲಿ. ಗದ್ದೆಗೆ ನೀರು ನಿಲ್ಲಿಸಿದಾಗ ಒಣಗಿರುವ ಮಣ್ಣು ಬದು ಒಂದೇ ತಾನೇ? ಅಲ್ಲೇ ಬಿಲ. ಬಾಯಿಗೆ ಹೊಸ ಮಣ್ಣು ಒತ್ತಿ ಮುಚ್ಚಿದ್ದರೆ ಒಳಗೆ ಪ್ರಾಣಿ ಇದೆ ಎಂದು ಲೆಕ್ಕ. ಒಳಗೆ ಕೋಣೆಗಳಿರುತ್ತವೆ, ತೆನೆ ಕತ್ತರಿಸಿ ತಂದು ಅಲ್ಲಿ ಪೇರಿಸುತ್ತದೆ. ಕೊಯ್ಲಾದ ಮೇಲೆ ಹೆಗ್ಗಣದ ಬಿಲ ಅಗೆದು ಭತ್ತ ತೆಗೆದುಕೊಳ್ಳುವ ಬಡವರು ನಮ್ಮ ದೇಶದ ಎಷ್ಟೋ ಕಡೆ ಇದ್ದಾರೆ. ರಕಾಲಿ ಹೀಗೆ ಕೂಡಿಡುವುದಿಲ್ಲ. ಮೀನು, ಚಿಪ್ಪು ಕೂಡಿಟ್ಟರೆ ಕೊಳೆಯುತ್ತದೆ ಅಷ್ಟೆ.

ಮರಿಗಳ ಲೆಕ್ಕದಲ್ಲೂ ವ್ಯತ್ಯಾಸ ಇದೆ. ಹೆಗ್ಗಣ ಒಂದು ಸಲಕ್ಕೆ ಆರೇಳು ಮರಿ ಹಾಕುವುದು ಮಾಮೂಲು. ಮೂರು ವಾರ ದಾಟಿದರೆ ಹೆರಿಗೆ. ರಕಾಲಿಗೆ ಸಾಮಾನ್ಯವಾಗಿ ಮೂರು ನಾಲ್ಕು ಮರಿ, ಐದು ವಾರದ ಬಸಿರು, ತಾಯಿಗೆ ಇರುವುದೇ ನಾಲ್ಕು ಮೊಲೆ. ಒಂದು ತೊರೆಯಲ್ಲಿ ನಾಲ್ಕು ರಕಾಲಿ ಸತ್ತರೆ ಆ ಜಾಗ ಬೇಗ ತುಂಬುವುದಿಲ್ಲ. ನಿಮ್ಮ ಬದುವಿನ ಕಥೆ ನಿಮಗೇ ಗೊತ್ತು.

ಔಷಧ ಯಾವುದು ಹಾಕಲಿ ಎಂದೂ ಕೇಳಿದ್ದೀರಿ. ಅದನ್ನು ಕೃಷಿ ವಿಜ್ಞಾನ ಕೇಂದ್ರದವರನ್ನೇ ಕೇಳಿ, ನಾನು ಹೇಳುವುದು ಸರಿಯಲ್ಲ. ಆದರೆ ಇಷ್ಟು ಮಾಡಬಹುದು. ಬದು ಅಗಲ ಇದ್ದಷ್ಟೂ ಬಿಲ ಜಾಸ್ತಿ, ಆದ್ದರಿಂದ ಸಣ್ಣದಾಗಿ ಕಟ್ಟಿ, ಹುಲ್ಲು ಬೆಳೆಯಲು ಬಿಡಬೇಡಿ. ನೀವೊಬ್ಬರೇ ಹಿಡಿದರೆ ಪಕ್ಕದ ಗದ್ದೆಯಿಂದ ಮತ್ತೆ ಬರುತ್ತವೆ, ಅಕ್ಕಪಕ್ಕದವರೆಲ್ಲ ಒಂದೇ ವಾರದಲ್ಲಿ ಮಾಡಬೇಕು. ಕೇರೆ ಹಾವು ಕಂಡರೆ ಕೋಲು ತರಬೇಡಿ. ಬಿಲದೊಳಗೆ ನುಗ್ಗಿ ಹಿಡಿಯುವ ಕೆಲಸದವನು ಅವನು, ಕೂಲಿ ಕೇಳುವುದಿಲ್ಲ.

ಪ್ರಶ್ನೆ: ನಮ್ಮೂರಲ್ಲಿ ಮಳೆಗಾಲದಲ್ಲಿ ಇಲಿ ಜ್ವರ ಬರುತ್ತದೆ. ನೀರಲ್ಲಿರುವ ಇಲಿಯಿಂದಲೇ ಬರುವುದಾ? ಸಸಿ ನೆಡಲು ಗದ್ದೆಗೆ ಇಳಿಯಲೇ ಭಯ. — ಒಬ್ಬ ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಭಯ ಬೇಡ, ಎಚ್ಚರ ಬೇಕು. ಇಲಿ ನೀರಲ್ಲಿ ಈಜುವುದರಿಂದ ಜ್ವರ ಬರುವುದಲ್ಲ. ಇಲಿಯ ಮೂತ್ರದಲ್ಲಿ ಲೆಪ್ಟೋಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಹೊರಬರುತ್ತದೆ. ಇಲಿಗೆ ಅದರಿಂದ ಕಾಯಿಲೆ ಇಲ್ಲ, ಮೂತ್ರಪಿಂಡದಲ್ಲಿ ಸುಮ್ಮನೆ ಇರುತ್ತದೆ. ಒಣ ನೆಲಕ್ಕೆ ಬಿದ್ದರೆ ಬೇಗ ಸಾಯುತ್ತದೆ. ನಿಂತ ನೀರು, ಕೆಸರಾದರೆ ವಾರಗಟ್ಟಲೆ ಬದುಕುತ್ತದೆ. ನಿಮ್ಮ ಕಾಲಿನ ಗಾಯ, ಬಿರುಕು ಬಿಟ್ಟ ಹಿಮ್ಮಡಿ, ಕಣ್ಣು, ಬಾಯಿ, ಇವುಗಳ ಮೂಲಕ ಒಳಗೆ ಹೋಗುತ್ತದೆ. ಇಲಿ ಒಂದೇ ಅಲ್ಲ, ದನ, ಹಂದಿ, ನಾಯಿಯ ಮೂತ್ರದಲ್ಲೂ ಇರಬಹುದು. ಇಲಿಗೆ ಮಾತ್ರ ಹೆಸರು ಕೆಟ್ಟಿತು.

ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮಳೆಯೂ ಗದ್ದೆಯೂ ಬರಿಗಾಲೂ ಒಟ್ಟಿಗೆ ಸೇರುತ್ತವೆ, ಅದೇ ತೊಂದರೆ. ಗಾಯ ಇದ್ದರೆ ನೀರು ಹೋಗದ ಪಟ್ಟಿ ಕಟ್ಟಿ. ಸಾಧ್ಯವಾದರೆ ಗಮ್‌ಬೂಟ್ ಹಾಕಿ. ನಾಟಿ ಕೆಸರಲ್ಲಿ ಬೂಟು ಹೂತುಹೋಗುತ್ತದೆ, ನನಗೂ ಗೊತ್ತು. ಹಾಗಿದ್ದರೆ ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಕಾಲು ತೊಳೆಯಿರಿ, ಸಂಜೆ ಸ್ನಾನದ ತನಕ ಕಾಯಬೇಡಿ.

ಮುಖ್ಯವಾದದ್ದು ಮುಂದಿನ ಮಾತು. ಗದ್ದೆಗೆ ಇಳಿದು ಕೆಲವು ದಿನ ಅಥವಾ ಒಂದೆರಡು ವಾರದ ಮೇಲೆ ಜೋರು ಜ್ವರ, ಮೀನಖಂಡದಲ್ಲಿ ಹಿಂಡುವಂಥ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಯಲ್ಲಿ ಕಷಾಯ ಕುಡಿಯುತ್ತಾ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ, ಅವರು ಕೇಳದಿದ್ದರೂ 'ಗದ್ದೆ ಕೆಲಸ ಮಾಡಿದ್ದೆ' ಎಂದು ಹೇಳಿ. ಆ ಒಂದು ಮಾತಿಲ್ಲದಿದ್ದರೆ ಡೆಂಗಿಯೋ ಮಂಗನ ಕಾಯಿಲೆಯೋ ಎಂದು ಹುಡುಕುತ್ತಾ ದಿನ ಹೋಗುತ್ತದೆ. ಶುರುವಿನಲ್ಲೇ ಸಿಕ್ಕರೆ ಸಾಮಾನ್ಯ ಆಂಟಿಬಯೋಟಿಕ್ ಮಾತ್ರೆಗೇ ಬಗ್ಗುವ ಕಾಯಿಲೆ ಇದು. ತಡವಾದರೆ ಕಾಮಾಲೆ, ಕಿಡ್ನಿ ತೊಂದರೆ ತನಕ ಹೋಗುತ್ತದೆ. ನಮ್ಮ ಸೋದರಮಾವನೊಬ್ಬರು ಹೀಗೇ ಹೋದರು. ಆಗ ಅದಕ್ಕೆ ಊರಲ್ಲಿ ಹೆಸರೂ ಇರಲಿಲ್ಲ, 'ಗದ್ದೆ ಜ್ವರ' ಅಂದುಕೊಂಡು ಸುಮ್ಮನಾಗಿದ್ದೆವು.

ಪ್ರಶ್ನೆ: ವಿಷದ ಕಪ್ಪೆಯನ್ನು ರಕಾಲಿ ತಿನ್ನುತ್ತದೆ ಎಂದು ಬರೆದಿದ್ದಿರಿ. ವಿಷ ಅದಕ್ಕೆ ಏರುವುದಿಲ್ಲವೇ? — ಬಿಎಸ್ಸಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಏರುತ್ತದೆ. ಅದಕ್ಕೇ ಅದು ವಿಷ ಇರುವ ಭಾಗವನ್ನು ಮುಟ್ಟುವುದೇ ಇಲ್ಲ. ಮೊದಲು ಕಪ್ಪೆಯ ಕಥೆ ಕೇಳು. ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಲ್ಲಿ ಬೇರು ತಿನ್ನುವ ಗೊಣ್ಣೆ ಹುಳುವಿನ ಕಾಟ. ನಮ್ಮ ಕಬ್ಬು, ಅಡಿಕೆಯ ಬೇರಿಗೆ ಬೀಳುವ ಗೊಣ್ಣೆ ಹುಳುವಿನ ಜಾತಿಯದ್ದೇ. ಅದನ್ನು ತಿನ್ನಲಿ ಎಂದು 1935ರಲ್ಲಿ ಹವಾಯಿಯಿಂದ ಈ ವಿಷದ ಕಪ್ಪೆಗಳಾದ ನೂರರಷ್ಟು ಕೇನ್ ಟೋಡ್‌ಗಳನ್ನು ತಂದು ಸಾಕಿ ಬಿಟ್ಟರು. ಹುಳು ಮಣ್ಣೊಳಗೆ, ಅದು ಬೆಳೆದು ಆಗುವ ದುಂಬಿ ಕಬ್ಬಿನ ತುದಿಯಲ್ಲಿ, ಟೋಡ್ ನೆಲದ ಮೇಲೆ. ಒಂದಕ್ಕೊಂದು ಸಿಗಲೇ ಇಲ್ಲ! ಟೋಡ್ ಮಾತ್ರ ಹಬ್ಬುತ್ತಾ ಹೋಗಿ 2009ರ ಹೊತ್ತಿಗೆ ಪಶ್ಚಿಮ ಆಸ್ಟ್ರೇಲಿಯಾದ ಗಡಿ ದಾಟಿತು. ಅದನ್ನು ಬಾಯಿಗೆ ಹಾಕಿದ ಕ್ವೋಲ್ (ಬೆಕ್ಕಿನಷ್ಟಿರುವ ಬೇಟೆಗಾರ ಪ್ರಾಣಿ), ಉಡ, ಸಿಹಿನೀರಿನ ಮೊಸಳೆ ಎಲ್ಲ ಸತ್ತವು. ಆ ದೇಶದಲ್ಲಿ ಟೋಡೇ ಇರಲಿಲ್ಲವಲ್ಲ, ಅವಕ್ಕೆ ಈ ವಿಷದ ಪರಿಚಯವೇ ಇಲ್ಲ.

ಕಿಂಬರ್ಲಿ ಪ್ರದೇಶದ ಒಂದು ತೊರೆಯ ಬಳಿ ಸಂಶೋಧಕರಿಗೆ ಬೆಳಿಗ್ಗೆ ಬೆಳಿಗ್ಗೆ ಸತ್ತ ಟೋಡ್‌ಗಳು ಸಿಗತೊಡಗಿದವು. ಎಲ್ಲದರ ಎದೆಯ ಮೇಲೂ ಅಚ್ಚುಕಟ್ಟಾದ ಸಣ್ಣ ಸೀಳು. ಹೃದಯ ಇಲ್ಲ, ಯಕೃತ್ತು ಇಲ್ಲ. ವಿಷ ತುಂಬಿದ ಪಿತ್ತಕೋಶ ಪಕ್ಕಕ್ಕೆ ತೆಗೆದಿಟ್ಟಿದೆ. ತಲೆಯ ಹಿಂದಿನ ವಿಷಗ್ರಂಥಿ ಹಾಗೇ ಇದೆ. ದೊಡ್ಡ ಟೋಡ್ ಆಗಿದ್ದರೆ ತೊಡೆಯ ಚರ್ಮ ಸುಲಿದು ಒಳಗಿನ ಮಾಂಸವನ್ನೂ ತಿಂದಿದೆ. ಕ್ಯಾಮೆರಾ ಇಟ್ಟು, ಹಲ್ಲಿನ ಗುರುತು ನೋಡಿ, ರಕಾಲಿಯದ್ದೇ ಕೆಲಸ ಎಂದು ಗೊತ್ತು ಮಾಡಿದರು. 2019ರಲ್ಲಿ ಅದು ಪ್ರಕಟವಾಯಿತು. ನಮ್ಮ ಪ್ರಯೋಗಶಾಲೆಯಲ್ಲಿ ಕಪ್ಪೆ ಕೊಯ್ಯಲು ಕೊಟ್ಟರೆ ಪಿತ್ತಕೋಶ ಒಡೆಯದೆ ಯಕೃತ್ತು ಬಿಡಿಸುತ್ತಿದ್ದ ಮಕ್ಕಳು ಎಷ್ಟು ಜನ ಇದ್ದರೋ. ನೀನು ಆ ಸಾಲಿಗೆ ಸೇರಿದವಳೋ ಅಲ್ಲವೋ ನನಗೆ ಗೊತ್ತಿಲ್ಲ, ಬರೆದು ತಿಳಿಸು.

ಆ ಜಾಗಕ್ಕೆ ಟೋಡ್ ಬಂದು ಎರಡೇ ವರ್ಷದಲ್ಲಿ ರಕಾಲಿಗೆ ಈ ವಿದ್ಯೆ ಬಂದಿತ್ತು. ಸಣ್ಣ ಟೋಡ್ ಬಿಟ್ಟು ಸ್ವಲ್ಪ ದೊಡ್ಡವನ್ನೇ ಆರಿಸುತ್ತಿತ್ತು. ಕಲಿತದ್ದೋ ಹುಟ್ಟಿನಿಂದ ಬಂದದ್ದೋ ಎಂದು ನೀನು ಕೇಳುತ್ತೀಯ, ಗೊತ್ತು. ನನ್ನ ಓಟು ಕಲಿಕೆಗೆ. ಯಾಕೆಂದರೆ ಅದೇ ದೇಶದ ಕಾಗೆಗಳೂ ಟೋಡನ್ನು ಮಗುಚಿ ಹಾಕಿ ಹೊಟ್ಟೆ ಕಡೆಯಿಂದ ತಿನ್ನುವುದನ್ನು ಕಲಿತಿವೆ. ಯಾಬಿಯ ಕೊಂಡಿ ತಪ್ಪಿಸಿ, ಚಿಪ್ಪು ಬಿಡಿಸಿ ತಿಂದು ಅಭ್ಯಾಸ ಇರುವ ಕೈಗೆ ಇದೇನು ಮಹಾ ದೂರದ ಕೆಲಸವಲ್ಲ.

ಪ್ರಶ್ನೆ: ತುಂಗಭದ್ರೆಯಲ್ಲಿ ನಾಲ್ಕೈದು ಒಟ್ಟಿಗೆ ಈಜುತ್ತಾ, ಶಿಳ್ಳೆ ಹಾಕುತ್ತಾ ಮೀನು ಹಿಡಿಯುವುದನ್ನು ನೋಡಿದ್ದೇನೆ. ರಕಾಲಿಯೇ ಇರಬೇಕು. — ಒಬ್ಬ ಓದುಗ, ಕಂಪ್ಲಿ

ಉತ್ತರ: ಅಲ್ಲ, ನೀರುನಾಯಿ. ಗುಂಪು, ಶಿಳ್ಳೆ, ಎರಡೂ ಅದರದ್ದೇ. ರಕಾಲಿ ಒಂಟಿ ಪ್ರಾಣಿ, ಇನ್ನೊಂದು ಎದುರಾದರೆ ಜಗಳ ಕಾಯುತ್ತದೆ. ನೀರುನಾಯಿ ಏಳೆಂಟು ಕಿಲೋ ಮೇಲೆಯೇ ತೂಗುತ್ತದೆ. ಮತ್ತೆ, ನೀವು ಇರುವ ಊರು ಯಾವುದು ನೋಡಿ! ಮುದ್ಲಾಪುರದಿಂದ ನಿಮ್ಮ ಕಂಪ್ಲಿ ತನಕ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿಗೆಂದೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ, ದೇಶದಲ್ಲೇ ಮೊದಲನೆಯದು. ರಕಾಲಿ ಆಸ್ಟ್ರೇಲಿಯಾದಲ್ಲಿ ಮಾಡುವ ಕೆಲಸವನ್ನು ನಮ್ಮ ನದಿಗಳಲ್ಲಿ ಮಾಡುವುದು ನೀರುನಾಯಿ. ಅಲ್ಲಿ ನೀರುನಾಯಿ ಇಲ್ಲ, ಜಾಗ ಖಾಲಿ ಇತ್ತು, ಇಲಿ ಹೋಗಿ ಕೂತಿತು.

ಪ್ರಶ್ನೆ: ಅಷ್ಟು ಒಳ್ಳೆಯ ತುಪ್ಪಳ ಅಂದಿರಿ. ಮನುಷ್ಯರು ಸುಮ್ಮನೆ ಬಿಟ್ಟರಾ? ಮತ್ತೆ, ಅದಕ್ಕೆ ಚಳಿ ಆಗಲ್ವಾ? (ಎರಡನೆಯದು ನನ್ನ ಮೊಮ್ಮಗನ ಪ್ರಶ್ನೆ.) — ಒಬ್ಬ ಓದುಗಿ, ಮೈಸೂರು

ಉತ್ತರ: ಬಿಡಲಿಲ್ಲ. 1930ರ ದಶಕದಲ್ಲಿ ಅಮೆರಿಕದ ನೀರಿಲಿಯಂಥ ಪ್ರಾಣಿಯಾದ ಮಸ್ಕ್‌ರ್‍ಯಾಟ್ ತುಪ್ಪಳ ತರಿಸುವುದಕ್ಕೆ ಆಸ್ಟ್ರೇಲಿಯಾ ನಿಷೇಧ ಹಾಕಿತು. ಹೆಂಗಸರ ಕೋಟಿನ ಕಾಲರಿಗೆ ಬೇರೆ ಏನಾದರೂ ಬೇಕಲ್ಲ, ಕಣ್ಣು ರಕಾಲಿ ಮೇಲೆ ಬಿತ್ತು. 1931ರಲ್ಲಿ ನಾಲ್ಕು ಶಿಲ್ಲಿಂಗ್ ಇದ್ದ ಚರ್ಮ 1941ಕ್ಕೆ ಹತ್ತು ಶಿಲ್ಲಿಂಗ್ ಆಯಿತು. ಆಮೇಲೆ ಕಾನೂನಿನ ರಕ್ಷಣೆ ಬಂತು, ಪ್ರಾಣಿ ಬದುಕಿಕೊಂಡಿತು.

ಮೊಮ್ಮಗನಿಗೆ ಹೇಳಿ, ಆಗುತ್ತೆ! ಇಷ್ಟೆಲ್ಲ ತುಪ್ಪಳ ಇದ್ದೂ ತಣ್ಣನೆಯ ನೀರಲ್ಲಿ ಅದರ ಮೈ ಬಿಸಿ ಬೇಗ ಇಳಿಯುತ್ತದೆ. ಪ್ಲಾಟಿಪಸ್ ಈ ವಿಷಯದಲ್ಲಿ ಅದಕ್ಕಿಂತ ಗಟ್ಟಿ. ಹಾಗಾಗಿ ರಕಾಲಿ ಸ್ವಲ್ಪ ಹೊತ್ತು ನೀರಲ್ಲಿ, ಆಮೇಲೆ ದಡಕ್ಕೆ, ಬಿಲಕ್ಕೆ ಹೋಗಿ ಮೈ ಕಾಯಿಸಿಕೊಂಡು ಮತ್ತೆ ನೀರಿಗೆ. ಬೇರೆ ಇಲಿಗಳ ಹಾಗೆ ಬರೀ ರಾತ್ರಿಯಲ್ಲ, ಹಗಲಲ್ಲೂ ಓಡಾಡುತ್ತದೆ.

ಪ್ರಶ್ನೆ: ರೂಮ್‌ಮೇಟ್ ಜೊತೆ ಯಾಬಿ ಹಿಡಿಯಲು ಹೋಗುವ ಆಸೆ. ಹಳೆ ಸಾಮಾನಿನ ಮಾರಾಟದಲ್ಲಿ ಒಂದು ಬಲೆ ಅಗ್ಗಕ್ಕೆ ಸಿಕ್ಕಿದೆ. ಕಮಾನಿನ ಚಾವಣಿ, ಎರಡು ಕಡೆ ಬಾಯಿ. ಇದನ್ನು ಹಾಕಬಹುದಾ? — ಒಬ್ಬ ವಿದ್ಯಾರ್ಥಿ, ಜೀಲಾಂಗ್

ಉತ್ತರ: ಹಾಕಬೇಡಪ್ಪ. ಕೇಳಿದ್ದು ಒಳ್ಳೆಯದಾಯಿತು. ಅದು ಸಿಡ್ನಿಯ ಒಪೇರಾ ಹೌಸ್ ಕಟ್ಟಡದ ಆಕಾರದ್ದು, ಹಾಗಾಗಿ ಒಪೇರಾ ಹೌಸ್ ಬಲೆ ಎಂದೇ ಕರೆಯುತ್ತಾರೆ. ವಿಕ್ಟೋರಿಯಾದಲ್ಲಿ 2019ರ ಜುಲೈ 1ರಿಂದ ಅದನ್ನು ನೀರಿಗೆ ಹಾಕುವುದು ಅಪರಾಧ. 2021ರಲ್ಲಿ ನ್ಯೂ ಸೌತ್ ವೇಲ್ಸ್ ಕೂಡ ನಿಷೇಧಿಸಿತು. ದಂಡದ ಭಯಕ್ಕಲ್ಲ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ನೀನೇ ಎಸೆಯುತ್ತೀಯ.

ಬಲೆಯ ಬಾಯಿ ಹೊರಗೆ ಅಗಲ, ಒಳಗೆ ಹೋಗುತ್ತಾ ಕಿರಿದು. ಮಾಂಸದ ವಾಸನೆಗೆ ಯಾಬಿ ಒಳಗೆ ಹೋಗುತ್ತದೆ, ದಾರಿ ತಿಳಿಯದೆ ಅಲ್ಲೇ ಉಳಿಯುತ್ತದೆ. ಯಾಬಿಗೆ ಕಿವಿರು ಇದೆ, ರಾತ್ರಿಯೆಲ್ಲ ಬದುಕಿರುತ್ತದೆ. ಅದರ ಹಿಂದೆ ರಕಾಲಿ ಬರುತ್ತದೆ, ಒಂದೇ ಕಡೆ ಇಷ್ಟೊಂದು ಊಟ ಎಂದು. ಪ್ಲಾಟಿಪಸ್ ಬರುತ್ತದೆ, ಆಮೆ ಬರುತ್ತದೆ. ಇವೆಲ್ಲ ಗಾಳಿ ಉಸಿರಾಡುವ ಪ್ರಾಣಿಗಳು. ಮೇಲೆ ಚಾವಣಿ, ಬಂದ ದಾರಿ ಕಾಣುವುದಿಲ್ಲ. ಕೆಲವೇ ನಿಮಿಷದಲ್ಲಿ ಮುಗಿಯಿತು. ಒಂದು ಸತ್ತರೆ ಬಲೆ ಮುಚ್ಚಿಕೊಳ್ಳುವುದಿಲ್ಲ, ಇನ್ನೊಂದು ಬರುತ್ತದೆ. ತಾಯಿಯ ಹಿಂದೆ ಮರಿಗಳೂ ಬರಬಹುದು. ಯಾರೋ ಮರೆತು ಹೋದ ಬಲೆ ವರ್ಷಗಟ್ಟಲೆ ಹೀಗೆ ಕೊಲ್ಲುತ್ತಿರುತ್ತದೆ.

ನಮ್ಮ ಮನೆ ಹತ್ತಿರದ ತೊರೆಯಲ್ಲಿ ಮಳೆಯ ನಂತರ ಒಂದು ಬಲೆ ದಡಕ್ಕೆ ಬಂದಿತ್ತು. ಯಾರದ್ದೋ ಗೊತ್ತಿಲ್ಲ, ನಿಷೇಧವಾಗಿ ಎಷ್ಟೋ ಕಾಲ ಆಗಿತ್ತು. ಒಳಗೆ ಎರಡು ರಕಾಲಿ, ಒಂದು ಪೂರ್ತಿ ಬೆಳೆದದ್ದು, ಒಂದು ಅರ್ಧ. ನೈಲಾನ್ ಎಳೆಯನ್ನು ಅವು ಕಡಿದಿದ್ದವು. ತೂತು ತಲೆ ಹಿಡಿಸುವಷ್ಟು ದೊಡ್ಡದಾಗಿರಲಿಲ್ಲ. ಮಗಳು ಫೋಟೋ ತೆಗೆದು ಸಂಬಂಧಪಟ್ಟವರಿಗೆ ಕಳಿಸಿದಳು. ನನಗೆ ಆ ದಿನ ಅಡಿಗೆ ಮಾಡಲು ಮನಸ್ಸು ಬರಲಿಲ್ಲ.

ಯಾಬಿ ಹಿಡಿಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮೇಲೆ ತೆರೆದಿರುವ ಬಳೆ ಬಲೆ ಸಿಗುತ್ತದೆ. ತಳಕ್ಕೆ ಬಿಟ್ಟು, ಕಾಯ್ದು, ಎತ್ತುವುದು. ಯಾಬಿ ಸಿಗುತ್ತದೆ, ಉಳಿದವು ಮೇಲಿನಿಂದ ಹೋಗುತ್ತವೆ. ದಾರಕ್ಕೆ ಮಾಂಸದ ತುಂಡು ಕಟ್ಟಿ ಇಳಿಬಿಟ್ಟರೂ ಬರುತ್ತದೆ, ಮಜವೂ ಜಾಸ್ತಿ. ನಿಯಮಗಳನ್ನು ಮೀನುಗಾರಿಕೆ ಇಲಾಖೆಯ ಪುಟದಲ್ಲಿ ಓದಿಕೊಂಡು ಹೋಗು. ನಿನ್ನ ಹತ್ತಿರ ಇರುವ ಬಲೆಯನ್ನು ಇನ್ನೊಬ್ಬರಿಗೆ ಮಾರಬೇಡ, ಕತ್ತರಿಸಿ ಕಸಕ್ಕೆ ಹಾಕು. ಕತ್ತರಿ ಕೈಯಲ್ಲಿರುವಾಗಲೇ ಮನೆಯ ರಬ್ಬರ್ ಬ್ಯಾಂಡ್, ತಲೆಗೂದಲ ಬ್ಯಾಂಡ್, ಬಾಟಲಿ ಮುಚ್ಚಳದ ಉಂಗುರ ಇವನ್ನೂ ಕತ್ತರಿಸಿಯೇ ಎಸೆ. ಮಳೆ ನೀರಲ್ಲಿ ತೊರೆಗೆ ಹೋಗಿ ಈ ಪ್ರಾಣಿಗಳ ಕುತ್ತಿಗೆಗೆ ಸಿಕ್ಕಿಕೊಳ್ಳುವುದು ಇವೇ. ವಿಕ್ಟೋರಿಯಾದಲ್ಲಿ ಪ್ಲಾಟಿಪಸ್ಸನ್ನು 2021ರಲ್ಲಿ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ರಕಾಲಿಗೆ ಅಷ್ಟು ಅಭಿಮಾನಿಗಳಿಲ್ಲ, ಎಣಿಸುವವರೂ ಕಮ್ಮಿ. ನೀನು ನೋಡಿದರೆ ಆಸ್ಟ್ರೇಲಿಯನ್ ಪ್ಲಾಟಿಪಸ್ ಕನ್ಸರ್ವೆನ್ಸಿಗೆ ತಿಳಿಸು, ಅವರು ರಕಾಲಿಯ ವಿವರವನ್ನೂ ಸೇರಿಸಿಕೊಳ್ಳುತ್ತಾರೆ.

ಪ್ರಶ್ನೆ: ಬೆಂಗಳೂರಿನ ಕೆರೆಗಳಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ತುಂಬಿದೆ. ದಂಡೆಯ ತೋಟಗಳಲ್ಲಿ ಆಫ್ರಿಕನ್ ಬಸವನಹುಳು. ಮೀನು, ಚಿಪ್ಪು ಎರಡನ್ನೂ ತಿನ್ನುವ ರಕಾಲಿಯನ್ನು ತಂದು ಬಿಟ್ಟರೆ ಹೇಗೆ? — ಕೆರೆ ಸಮಿತಿಯ ಸದಸ್ಯರು, ಬೆಂಗಳೂರು

ಉತ್ತರ: ನಾಲ್ಕು ಪ್ರಶ್ನೆ ಹಿಂದೆ ಟೋಡ್ ಕಥೆ ಬರೆದಿದ್ದೇನೆ, ಓದಿಕೊಂಡು ಬನ್ನಿ. ಸಾಲದಿದ್ದರೆ ಇನ್ನೂ ಎರಡು ಇವೆ.

1905ರಲ್ಲಿ ಪ್ರಾಗ್ ಹತ್ತಿರದ ಡೊಬ್ರೀಶ್ ಎಂಬಲ್ಲಿ ಕೊಲೊರೆಡೊ ಮಾನ್ಸ್‌ಫೆಲ್ಡ್ ಮನೆತನದ ಜಮೀನ್ದಾರರೊಬ್ಬರು ಅಮೆರಿಕದಿಂದ ತಂದ ಬೆರಳೆಣಿಕೆಯ ಮಸ್ಕ್‌ರ್‍ಯಾಟ್‌ಗಳನ್ನು ತಮ್ಮ ಕೆರೆಗೆ ಬಿಟ್ಟರು. ಅದೂ ನೀರಲ್ಲಿ ಬದುಕುವ ಇಲಿ ಬಳಗದ ಪ್ರಾಣಿಯೇ, ದಡದಲ್ಲಿ ಬಿಲ ತೋಡುವಂಥದ್ದು. ಅಲ್ಲಿಂದ ಅದು ಯುರೋಪಿನ ನದಿಯಿಂದ ನದಿಗೆ ಹಬ್ಬಿತು. ನೆದರ್ಲೆಂಡ್ಸ್ ದೇಶದ ಎಷ್ಟೋ ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗೆ, ಮಣ್ಣಿನ ಒಡ್ಡುಗಳ ನಂಬಿಕೆಯಲ್ಲಿ ನಿಂತಿರುವುದು. ಒಡ್ಡಿಗೆ ಬಿಲ ಬಿದ್ದರೆ ಊರಿಗೆ ನೀರು. ಇವತ್ತಿಗೂ ಅಲ್ಲಿ ಮಸ್ಕ್‌ರ್‍ಯಾಟ್ ಹಿಡಿಯುವುದಕ್ಕೆಂದೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿದ್ದಾರೆ.

ಇಂಗ್ಲೆಂಡಿನದ್ದು ಇನ್ನೊಂದು. ತುಪ್ಪಳದ ಫಾರ್ಮಿಗೆಂದು 1929ರಲ್ಲಿ ದಕ್ಷಿಣ ಅಮೆರಿಕದ ಕಾಯ್ಪು ಎಂಬ ದೊಡ್ಡ ದಂಶಕವನ್ನು ತಂದರು. ತಪ್ಪಿಸಿಕೊಂಡು ಈಸ್ಟ್ ಆಂಗ್ಲಿಯಾದ ಜೌಗಿನಲ್ಲಿ ತುಂಬಿಕೊಂಡಿತು. 1981ರಲ್ಲಿ ಬೋನುಗಾರರನ್ನು ನೇಮಿಸಿ, ಹತ್ತು ವರ್ಷದೊಳಗೆ ಕೊನೆಯದನ್ನೂ ಹಿಡಿದರೆ ದೊಡ್ಡ ಬೋನಸ್ ಎಂದು ಹೇಳಿದರು. ಇಲ್ಲದಿದ್ದರೆ ಕೆಲಸ ಉಳಿಯಲಿ ಎಂದು ನಾಲ್ಕನ್ನು ಬಿಟ್ಟುಬಿಡುತ್ತಾರಲ್ವಾ? 1989ರಲ್ಲಿ ಮುಗಿಯಿತು. ನಿಮ್ಮ ಸಮಿತಿಯ ಬಜೆಟ್ಟಿನಲ್ಲಿ ಬೋನಸ್ಸಿಗೆ ಜಾಗ ಇದೆಯಾ?

ಒಂದು ವೇಳೆ ಬಿಟ್ಟಿರಿ ಅಂತಲೇ ಇಟ್ಟುಕೊಳ್ಳಿ. ನಿಮ್ಮ ಕೆರೆಗೆ ಸುತ್ತ ಕಲ್ಲು ಕಟ್ಟಿ, ಕಾಂಕ್ರೀಟ್ ಹಾಕಿ, ವಾಕಿಂಗ್ ಪಥ ಮಾಡಿದ್ದೀರಿ ಎಂದು ನೀವೇ ಬರೆದಿದ್ದೀರಿ. ಬಿಲ ತೋಡಲು ಮಣ್ಣಿನ ದಡವೇ ಇಲ್ಲ. ಇನ್ನು ಊಟ. ಸುಲಭಕ್ಕೆ ಸಿಗುವುದು ಗೂಡಲ್ಲಿರುವ ನಾಮದಕೋಳಿ, ಗುಳುಮುಳುಕದ ಮೊಟ್ಟೆ. ಕೆಸರೊಳಗೆ ಅಡಗಿರುವ ಮಾರುದ್ದದ ಕ್ಯಾಟ್‌ಫಿಶ್ ಹಿಡಿಯಲು ಒಂದು ಕಿಲೋ ಪ್ರಾಣಿಗೇನು ಹುಚ್ಚೇ?

ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧ ಇದೆ. ನಿಮ್ಮ ಕೆರೆಯ ಮೀನು ಹಿಡಿಯುವ ಗುತ್ತಿಗೆ ಯಾರ ಕೈಯಲ್ಲಿದೆ, ಅವರು ಯಾವ ಮರಿ ತಂದು ಬಿಡುತ್ತಾರೆ, ಅದನ್ನು ಮೊದಲು ವಿಚಾರಿಸಿ. ಬಸವನಹುಳುವಿಗೆ ಮಳೆಗಾಲದ ಸಂಜೆ ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಎಲೆಕೋಸಿನ ಸಿಪ್ಪೆ ಇಡಿ. ಬೆಳಿಗ್ಗೆ ಅಡಿಯಲ್ಲಿ ಸೇರಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಗ್ಲೌಸ್ ಹಾಕಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಸಮಿತಿಯಲ್ಲಿ ಹತ್ತು ಜನ ಇದ್ದೀರಲ್ಲ, ಪಾಳಿ ಹಾಕಿಕೊಳ್ಳಿ.